519.60ರ ಗೆರೆ

ಕಮಲಾಪುರದಲ್ಲಿ ಕೆಂಬಾಳೆ ಕೊಂಡವರು ಅದೇ ರಸ್ತೆ ಹಿಡಿದು ಸಾಗಿದರೆ ಕೃಷ್ಣೆಯ ದಂಡೆಗೆ ಹೋಗಿ ಮುಟ್ಟುತ್ತಾರೆ. ರಾಷ್ಟ್ರೀಯ ಹೆದ್ದಾರಿ 50 ಕಮಲಾಪುರ, ಕಲಬುರಗಿ, ಜೇವರ್ಗಿ, ಸಿಂದಗಿ, ವಿಜಯಪುರ ಹಾಯ್ದು ನಿಡಗುಂದಿಯ ಹತ್ತಿರ ಆಲಮಟ್ಟಿ ಅಣೆಕಟ್ಟೆಯ ಮಗ್ಗುಲಲ್ಲೇ ಹೊಳೆ ದಾಟುತ್ತದೆ. ನಾವು ಹೊರಟಿದ್ದು ಶರಣಸಿರಸಗಿಯಿಂದ. ಕ್ರೂಸರ್ ತುಂಬ ನೆಂಟರು, ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ. ಇದಕ್ಕೆಲ್ಲ ಮೂಲ ಸೋದರಮಾವ. “ಆಲಮಟ್ಟಿ ತುಂಬ್ಯಾದ ಅಂತ ಟಿವಿಯಾಗ ದಿನಾ ತೋರಸ್ತಾರ. ಒಮ್ಮಿ ಕಣ್ಣಿಲೆ ನೋಡಿ ಬರಮು” ಎಂದಿದ್ದ.

ಕಟ್ಟಿ ಸಂಗಾವಿ ಸೇತುವೆಯ ಮೇಲೆ ಭೀಮೆ ಕಂಡಳು. ಕಲಬುರಗಿ ನಗರ ಕುಡಿಯುವುದು ಈ ಭೀಮೆಯ ನೀರನ್ನು, ಜೊತೆಗೆ ಬೆಣ್ಣೆತೊರೆಯದನ್ನು. ಭೀಮೆ ತುಂಬಬೇಕೋ ಒಣಗಬೇಕೋ ಎಂಬುದು ಬಹುಮಟ್ಟಿಗೆ ಮಹಾರಾಷ್ಟ್ರದ ಉಜನಿ ಜಲಾಶಯದ ಮರ್ಜಿ. ಹೊಳೆ ದಾಟಿ ಜೇವರ್ಗಿ ಸೀಮೆಗೆ ಬಂದರೆ ಮಾತು ಬೇರೆ: ಅಲ್ಲಿ ನಾರಾಯಣಪುರದ ಎಡದಂಡೆ ಕಾಲುವೆಯ ಕವಲುಗಳಿವೆ, ಅವುಗಳಲ್ಲಿ ಹರಿಯುವುದು ಕೃಷ್ಣೆ.

ದೇವರಹಿಪ್ಪರಗಿಯಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ಹೊರಳಿದೆವು. ಮಡಿವಾಳ ಮಾಚಿದೇವರ ಊರು ಇದು. ಮುಂದೆ ಹೂವಿನಹಿಪ್ಪರಗಿ, ಆಮೇಲೆ ಬಸವಣ್ಣ ಹುಟ್ಟಿದ ಬಸವನಬಾಗೇವಾಡಿ. ಎರಡೂ ಬದಿಗೆ ಕಪ್ಪು ಎರೆ, ತೊಗರಿ. ನಿಡಗುಂದಿ ದಾಟಿದ ಮೇಲೆ ನೆಲ ಒಮ್ಮೆಲೆ ಮುಗಿದು ನೀರು ಶುರುವಾಯಿತು. ಬಯಲುಸೀಮೆಯ ಕಣ್ಣಿಗೆ ಇಷ್ಟು ನೀರು ನಂಬಲು ಕಷ್ಟ. ಕ್ರೂಸರಿನಲ್ಲಿದ್ದ ಹೆಂಗಸರು ಕೈ ಮುಗಿದರು. ಹುಡುಗರು ಮೊಬೈಲು ತೆಗೆದರು.

ಲಾಲ್ ಬಹದ್ದೂರ್ ಶಾಸ್ತ್ರಿ ಇಲ್ಲಿ ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು. ಐದು ದಿನಕ್ಕೆ ನೆಹರೂ ತೀರಿಕೊಂಡರು, ಜೂನ್‌ನಲ್ಲಿ ಶಾಸ್ತ್ರಿ ಪ್ರಧಾನಿಯಾದರು. ಅವರ ಹೆಸರು ಹೊತ್ತ ಈ ಸಾಗರವನ್ನು ರಾಷ್ಟ್ರಪತಿ ಅಬ್ದುಲ್ ಕಲಾಂ ನಾಡಿಗೆ ಅರ್ಪಿಸಿದ್ದು 2006ರ ಆಗಸ್ಟ್ 21ರಂದು. ನಡುವೆ 42 ವರ್ಷ. ಅಡಿಗಲ್ಲು ನೋಡಲು ಅಪ್ಪನ ಹೆಗಲ ಮೇಲೆ ಬಂದ ಕೂಸು, ಅರ್ಪಣೆಯ ಹೊತ್ತಿಗೆ ಮೊಮ್ಮಕ್ಕಳನ್ನು ಕರೆತರುವಷ್ಟು ಕಾಲ. ಹಣದ ಕೊರತೆ ಒಂದು ಕಡೆ, ಆಂಧ್ರದೊಡನೆ ಎತ್ತರದ ವ್ಯಾಜ್ಯ ಇನ್ನೊಂದು ಕಡೆ. 519.60 ಮೀಟರ್‌ವರೆಗೆ ನೀರು ನಿಲ್ಲಿಸಬಹುದೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2000ದ ಏಪ್ರಿಲ್‌ನಲ್ಲಿ. ಆ ಮಟ್ಟಕ್ಕೆ ಹಿಡಿಯುವ ನೀರು 123 ಟಿಎಂಸಿ.

ಅಣೆಕಟ್ಟೆಗೆ 26 ಗೇಟು. ನಾವು ಹೋದಾಗ ಕೆಲವಷ್ಟೇ ಎತ್ತಿದ್ದರು. ನೀರು ಧುಮುಕುವ ಸದ್ದಿಗೆ ಮಾತು ಕೇಳುವಂತಿರಲಿಲ್ಲ. ಬಲದಂಡೆಯ ಬುಡದಲ್ಲಿ ವಿದ್ಯುದಾಗಾರ: 15 ಮೆಗಾವಾಟಿನ ಒಂದು ಯಂತ್ರ, 55ರ ಐದು, ಒಟ್ಟು 290. ಸಮುದ್ರದಂಥ ಈ ನೀರಿಗೆ ಇದು ಕಡಿಮೆ ಅನ್ನಿಸುತ್ತದೆ. ಶರಾವತಿಯ ಲಿಂಗನಮಕ್ಕಿಯಲ್ಲಿ ನಿಲ್ಲುವುದು ಸುಮಾರು 151 ಟಿಎಂಸಿ, ಆಲಮಟ್ಟಿಗಿಂತ ತುಸು ಹೆಚ್ಚು ಅಷ್ಟೇ. ಆದರೆ ಆ ನೀರು ಘಟ್ಟ ಇಳಿಯುವಾಗ ತಿರುಗಿಸುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಕರೆಂಟಿಗೆ ನೀರಿನ ರಾಶಿಯಷ್ಟೇ ಸಾಲದು, ಅದು ಬೀಳುವ ಎತ್ತರವೂ ಬೇಕು; ಎರೆಸೀಮೆಯಲ್ಲಿ ಘಟ್ಟ ಎಲ್ಲಿಂದ ತರುವುದು? ಆಲಮಟ್ಟಿಯ ಯಂತ್ರಗಳಿಗೆ ಸುಗ್ಗಿಯೆಂದರೆ ಮಳೆಗಾಲ. ಅವನ್ನು ತಿರುಗಿಸಿದ ನೀರು ಹೊಳೆಗೇ ಇಳಿದು ಕೆಳಗಿನ ನಾರಾಯಣಪುರದ ಬಸವಸಾಗರ ಸೇರುತ್ತದೆ, ಅಲ್ಲಿಂದ ಕಾಲುವೆಗೆ.

“ಇಟ್ಟು ನೀರದಾವಲ್ಲ, ನಮ್ಮೂರಿಗಿ ಯಾಕ ಬರಲ್ಲ?” ಮಾವನ ಪ್ರಶ್ನೆ.

ಕಾಲುವೆ ಭೀಮೆಯ ಈಚೆಗೇ ಮುಗಿಯುತ್ತದೆ, ನಮ್ಮೂರು ಆಚೆಗಿದೆ ಎಂದು ಹೇಳಿದೆ. ಅವನಿಗೆ ಸಮಾಧಾನವಾಗಲಿಲ್ಲ. ರಾಕ್ ಗಾರ್ಡನ್ನಿನಲ್ಲೂ, ಸಂಗೀತ ಕಾರಂಜಿಯ ಎದುರೂ ಅವನದು ಅದೇ ಮುಖ. ಕಾರಂಜಿ ನನಗೂ ಅಷ್ಟಕ್ಕಷ್ಟೇ. ಎದುರಿಗೆ ಕೃಷ್ಣೆಯೇ ಇರುವಾಗ ಬಣ್ಣದ ಬಲ್ಬಿನ ನೀರು ಯಾರಿಗೆ ಬೇಕು? ಜನ ಮಾತ್ರ ಅಲ್ಲಿಯೇ ಹೆಚ್ಚು.

ಜಲಾಶಯದ ನಿಜವಾದ ಕತೆ ಅಣೆಕಟ್ಟೆಯ ಮೇಲೆ ನಿಂತರೆ ಕಾಣುವುದಿಲ್ಲ. ಅದಕ್ಕೆ ಹಿನ್ನೀರಿನ ಕಡೆ ಹೋಗಬೇಕು, ಬಾಗಲಕೋಟೆಗೆ. ಕಟ್ಟೆ ಕಟ್ಟಿದ್ದು ಕೃಷ್ಣೆಗೆ. ಮುಳುಗಿದ್ದು ಘಟಪ್ರಭೆಯ ದಂಡೆಯ ಪೇಟೆ. ಎರಡೂ ಹೊಳೆ ಚಿಕ್ಕಸಂಗಮದಲ್ಲಿ ಕೂಡುತ್ತವೆ. ಕೃಷ್ಣೆ ತುಂಬಿ ನಿಂತರೆ ಘಟಪ್ರಭೆಯೂ ಹಿಂದಕ್ಕೆ ಉಬ್ಬಿ ಊರು ಹೊಗುತ್ತಾಳೆ. ಹೀಗೆ ಮನೆ ಕಳಕೊಂಡವರಿಗೆ ಎತ್ತರದ ನೆಲದಲ್ಲಿ ನವನಗರ ಕಟ್ಟಿದರು. ಅಗಲ ರಸ್ತೆ, ಜಿಲ್ಲಾಡಳಿತದ ಕಚೇರಿಗಳು, ವಿಳಾಸಕ್ಕೆ ಸೆಕ್ಟರಿನ ನಂಬರು. ಹಳೆ ಊರಿನಲ್ಲಿ ವಿಳಾಸ ಅಂದರೆ ಓಣಿ. ಹೋಳಿಯ ಹಲಗೆ, ಬಣ್ಣದ ಬಂಡಿಗಳಿಗೆ ಬಾಗಲಕೋಟೆಯ ಓಣಿಗಳು ಹೆಸರಾದದ್ದು ಸುಮ್ಮನೆ ಅಲ್ಲ. ಒತ್ತೊತ್ತಿ ನಿಂತ ಮನೆಗಳ ನಡುವೆ ಹಲಗೆ ಬಡಿದರೆ ಬರುವ ಸದ್ದು ನೂರಡಿ ರಸ್ತೆಯಲ್ಲಿ ಹೇಗೆ ಬಂದೀತು?

ಹಳೆ ಊರು ಪೂರ್ತಿ ಹೋಗಿಲ್ಲ. ಗೆರೆಯ ಮೇಲೆ ಉಳಿದ ಪೇಟೆಯಲ್ಲಿ ವ್ಯಾಪಾರ ಜೋರಾಗಿಯೇ ಇದೆ. ಆದರೆ ಗೆರೆ ಮತ್ತೆ ಏರಲಿದೆ. ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ 524.256 ಮೀಟರ್‌ಗೆ ಒಪ್ಪಿತು. ಹೆಚ್ಚುವರಿ ಏರಿಕೆ ಐದು ಮೀಟರೂ ಇಲ್ಲ, ಅದಕ್ಕೆ ಬೇಕಾಗುವ ಮುಳುಗಡೆ ಜಮೀನು ಮಾತ್ರ 75 ಸಾವಿರ ಎಕರೆ. ತೀರ್ಪು ಗೆಜೆಟ್ ಸೇರದಂತೆ ಸುಪ್ರೀಂ ಕೋರ್ಟಿನ ತಡೆ. ಮೇಲಿನಿಂದ ಮಹಾರಾಷ್ಟ್ರದ ತಕರಾರು: ಸಾಂಗ್ಲಿ, ಕೊಲ್ಹಾಪುರ ಮುಳುಗುವುದು ಆಲಮಟ್ಟಿಯಿಂದ ಎಂದು. 2019ರ ನೆರೆಗೆ ಆಲಮಟ್ಟಿ ಕಾರಣವಲ್ಲ ಎಂದದ್ದು ಅದೇ ರಾಜ್ಯ ನೇಮಿಸಿದ್ದ ವಡ್ನೇರೆ ಸಮಿತಿ. ತಕರಾರು ಅಷ್ಟಕ್ಕೆ ನಿಂತಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕದ ಸಂಪುಟ ಪರಿಹಾರದ ದರ ಗೊತ್ತುಮಾಡಿತು: ನೀರಾವರಿ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ. ದರ ಕೇಳಿ ಮಾವ ತನ್ನ ಹೊಲದ ಲೆಕ್ಕ ಹಾಕತೊಡಗಿದ, ಅಲ್ಲಿಗೆ ಯಾವ ಹಿನ್ನೀರೂ ಬರುವುದಿಲ್ಲವೆಂಬುದನ್ನು ಗಳಿಗೆ ಹೊತ್ತು ಮರೆತು.

ಹಳೆ ಪೇಟೆಯ ಕಿರಾಣಿ ಅಂಗಡಿಯಲ್ಲಿ ಚಹಾಪುಡಿ ಕೊಳ್ಳುವಾಗ ಗೋಡೆಯ ಸುಣ್ಣ ಉದುರಿದ್ದನ್ನು ಮಾವನೇ ತೋರಿಸಿದ. ಅಂಗಡಿಯವರು ನಕ್ಕರು. “ಹಬ್ಬ ಬಂದಾಗೊಮ್ಮೆ ಮನ್ಯಾಗ ಇದ ಜಗಳರೀ ಯಜಮಾನ್ರ. ಮುಳುಗೂ ಗ್ವಾಡಿಗೆ ಬಣ್ಣ ಯಾಕಂತೀನಿ ನಾ. ಇಪ್ಪತ್ತ ವರ್ಷ ಆತು ಹಿಂಗ ಅನಕೋತ, ಇನ್ನೂ ಮುಳುಗಿಲ್ಲ ಅಂತಾಳ ಆಕಿ.”