ಕರಿಯನ ಕೂದಲು, ನಿನ್ನ ಗಾಳ

ಗುಬ್ಬಿ

ಪ್ರೀತಿಯ ಮಗನೇ,

ಫೋನ್ ಎತ್ತಿದ ಕೂಡಲೇ ನಮ್ಮ ನಾಯಿ ಕರಿಯ ಹೇಗಿದ್ದಾನೆ ಅಂತ ಕೇಳುತ್ತೀಯಲ್ಲ, ಅದನ್ನೇ ಮೊದಲು ಬರೆಯುತ್ತೇನೆ. ಹಿಂಗಾಲು ಎಳೆದುಕೊಂಡು ನಡೆಯುತ್ತಾನೆ. ಮುದ್ದೆ ಮುಟ್ಟುವುದಿಲ್ಲ, ಮೊಸರನ್ನ ತಿನ್ನುತ್ತಾನೆ. ಡಾಕ್ಟರು ಬಂದು ನೋಡಿ, "ವಯಸ್ಸಾಯ್ತಮ್ಮ, ನೋವಾಗದ ಹಾಗೆ ನೋಡ್ಕೊಳ್ಳಿ" ಅಂದರು. ನೋಡಿಕೊಳ್ಳುತ್ತಿದ್ದೇನೆ. ನೀನು ಅಲ್ಲಿ ಕೂತು ಕೊರಗಬೇಡ.

ಯುಗಾದಿ ಹತ್ತಿರ ಬಂದರೆ ಅವನ ಮೈಯಿಂದ ಕೂದಲು ಉಂಡೆ ಉಂಡೆಯಾಗಿ ಬರುತ್ತದಲ್ಲ, ಈ ಸಲ ಅದನ್ನು ಗುಡಿಸಿ ಎಸೆಯಲಿಲ್ಲ. ನೀನು ಡೆನ್ವರ್‌ನಿಂದ ತಂದುಕೊಟ್ಟ ಆ ಪುಟ್ಟ ಇಕ್ಕಳವನ್ನು ಹೊಲಿಗೆ ಮಿಷನ್ನಿನ ಪಕ್ಕದಲ್ಲೇ ಬಿಗಿದಿದ್ದೇನೆ. ಬ್ಲೌಸು ಹೊಲಿದು ಮುಗಿದ ಮೇಲೆ ಸಂಜೆ ಕೂತು ಆ ಕೂದಲಿನಿಂದ ನಿನ್ನ ಗಾಳದ ಕೊಕ್ಕೆಗೆ ನಕಲಿ ಹುಳ ಕಟ್ಟುತ್ತೇನೆ. ಬಾಚಿದ ಕೂದಲನ್ನು ಸೀಗೆಪುಡಿಯಲ್ಲಿ ತೊಳೆದು ನೆರಳಲ್ಲಿ ಒಣಗಿಸಿದ್ದೇನೆ. ಉಣ್ಣೆಗೆ ಔಷಧಿ ಹಾಕಿದಾಗಿನ ಕೂದಲನ್ನು ಮಾತ್ರ ಬೇರೆ ಮಾಡಿ ಬಿಸಾಕಿದೆ. ಅದು ನೀರಿನಲ್ಲಿರುವ ಜೀವಗಳಿಗೆ ವಿಷ.

ಕೈ ಈಗ ಚೆನ್ನಾಗಿ ಕೂತಿದೆ. ದಾರಕ್ಕೆ ಜೇನುಮೇಣ ಸವರಿ, ಒಳಗಿನ ಮೆತ್ತನೆ ಕೂದಲನ್ನು ಚಿಟಿಕೆಗಿಂತ ಕಡಿಮೆ ತೆಗೆದುಕೊಂಡು, ಬತ್ತಿ ಹೊಸೆದ ಹಾಗೆ ಒಂದೇ ಕಡೆಗೆ ಹೊಸೆಯಬೇಕು. ಹಿಂದೆ ಮುಂದೆ ಮಾಡಿದರೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಆ ದಾರವನ್ನು ಕೊಕ್ಕೆಯ ಬಾಗಿನಿಂದ ಕಣ್ಣಿನ ಕಡೆಗೆ ಸುತ್ತಿಕೊಂಡು ಬಂದು, ಗಂಟು ಹಾಕಲು ಸ್ವಲ್ಪ ಜಾಗ ಬಿಡಬೇಕು. ಮೇಲುಗೂದಲು ಒರಟು. ಅದರ ನಾಲ್ಕೈದು ಎಳೆ ಬೆರೆತಿದ್ದರೆ ಅವೇ ಹುಳದ ಕಾಲುಗಳಾಗಿ ನೀರಲ್ಲಿ ಆಡುತ್ತವೆ. ಮೈಮೇಲೆ ಒಂದು ಸುತ್ತು ತಾಮ್ರದ ತಂತಿ, ಮೋಟಾರ್ ವೈಂಡಿಂಗ್ ಅಂಗಡಿಯವನು ದುಡ್ಡು ತೆಗೆದುಕೊಳ್ಳದೆ ಕೊಟ್ಟದ್ದು. ಕತ್ತಿಗೆ ನಾಟಿ ಹುಂಜದ ಗರಿ. ಎದುರು ಮನೆಯ ಮುಧೋಳ ನಾಯಿಯ ಕೂದಲನ್ನೂ ಕೇಳಿ ತಂದಿದ್ದೆ. ಅದು ಗಿಡ್ಡ, ನುಣುಪು, ದಾರಕ್ಕೆ ಹತ್ತುವುದೇ ಇಲ್ಲ.

ನೀನು ಕಳಿಸಿದ ಪುಸ್ತಕವನ್ನು ನಿನ್ನ ತಂಗಿ ರಾತ್ರಿ ಹೊತ್ತು ಓದಿ ಹೇಳುತ್ತಾಳೆ. ಐಸಾಕ್ ವಾಲ್ಟನ್ನನ ಗಾಳದ ಪುಸ್ತಕಕ್ಕೆ 1676ರಲ್ಲಿ ಚಾರ್ಲ್ಸ್ ಕಾಟನ್ ಅನ್ನುವವನು ಒಂದು ಭಾಗ ಬರೆದು ಸೇರಿಸಿದನಂತೆ. ಅದರಲ್ಲಿ ಜನವರಿ ತಿಂಗಳ ಹುಳಕ್ಕೆ ಏನು ಹೇಳಿದ್ದಾನೆ ಗೊತ್ತಾ? ಉದ್ದ ಕೂದಲಿನ ಕರಿ ನಾಯಿಯ ಬಾಲದ ಕೂದಲು! ಅದು ಸತ್ತು ಕೆಂಗಂದು ಬಣ್ಣಕ್ಕೆ ತಿರುಗುತ್ತದೆ, ನುಣುಪು ಮೈಯ ಕರಿ ನಾಯಿಯದು ತಿರುಗುವುದಿಲ್ಲ, ಅದು ಬೇಡ ಅಂದಿದ್ದಾನೆ. ನಾನು ಬೆಳಿಗ್ಗೆ ಎದ್ದವಳೇ ಕರಿಯನ ಬಾಲವನ್ನು ಬಿಸಿಲಿಗೆ ಹಿಡಿದು ನೋಡಿದೆ. ತುದಿಯೆಲ್ಲ ಕೆಂಗಂದು. ಸುಮಾರು ಮುನ್ನೂರೈವತ್ತು ವರ್ಷದ ಹಿಂದೆ ಯಾವುದೋ ದೇಶದವನು ನಮ್ಮ ಕರಿಯನಂಥದ್ದೇ ಒಂದು ನಾಯಿಯ ಬಾಲ ಹಿಡಿದು ನೋಡಿದ್ದನಲ್ಲ ಅಂತ ಎಷ್ಟು ಖುಷಿಯಾಯಿತು!

ಹುಳಗಳನ್ನು ಮಾವ ಮಾರ್ಕೋನಹಳ್ಳಿಯಲ್ಲಿ ಪರೀಕ್ಷೆ ಮಾಡಿದ. ನಾನೂ ಹೋಗಿದ್ದೆ. ಮೀನಿನ ಗುತ್ತಿಗೆಯವರನ್ನು ಕೇಳಿಯೇ ನೀರಿಗೆ ಹಾಕಿದ್ದು. ನೀರು ತುಂಬಿದರೆ ಸೈಫನ್ನುಗಳು ತಾವೇ ಹೊರಗೆ ಬಿಡುತ್ತವೆ ಅಂತ ಕೇಳಿ, ಯಡಿಯೂರಿಗೆ ಹೋದಾಗಲೆಲ್ಲ ಅಲ್ಲಿಗೆ ಕರಕೊಂಡು ಹೋಗು ಅಂತ ಹಟ ಹಿಡಿಯುತ್ತಿದ್ದೆಯಲ್ಲ, ಅದೇ ಅಣೆಕಟ್ಟು. ದೇವರಾಯನದುರ್ಗದಲ್ಲಿ ಹುಟ್ಟಿದ ಶಿಂಷೆ ಈ ವರ್ಷ ಅಲ್ಲಿ ಚೆನ್ನಾಗಿ ನಿಂತಿದ್ದಾಳೆ. ದಡದ ಹತ್ತಿರ, ಕಡಿಮೆ ನೀರಲ್ಲಿ ಜಿಲೇಬಿ ಮೀನುಗಳು ಗುಂಡಿ ತೋಡಿಕೊಂಡು ಕಾವಲು ಕೂತಿರುತ್ತವೆ. ಮಾವ ಹುಳವನ್ನು ಗುಂಡಿಯಾಚೆ ಬೀಳಿಸಿ ಮೆಲ್ಲಗೆ ಎಳೆದ. ದಾರ ಬಿಗಿಯಾಯಿತು. ಅಂಗೈ ಅಗಲದ್ದು, ತುಟಿಯ ಮೂಲೆಯಲ್ಲಿ ಕರಿಯನ ಕೂದಲು ಒದ್ದೆಯಾಗಿ ಅಂಟಿಕೊಂಡಿತ್ತು. ಬಿಡಿಸಿದ ಮೇಲೂ ಹುಳದ ಒಂದು ಸುತ್ತೂ ಸಡಿಲವಾಗಿರಲಿಲ್ಲ.

ತುಮಕೂರಿನ ನಿನ್ನ ಗೆಳೆಯ ಹೊರಟಾಗ ಡಬ್ಬಿ ಕೊಟ್ಟು ಕಳಿಸುತ್ತೇನೆ. ವಿಮಾನ ನಿಲ್ದಾಣದಲ್ಲಿ ಕೇಳಿದರೆ ನಾಯಿಕೂದಲು, ಕೋಳಿಗರಿ ಅಂತ ಇದ್ದದ್ದು ಇದ್ದ ಹಾಗೇ ಹೇಳಪ್ಪ ಅಂದಿದ್ದೇನೆ. ಕೊಕ್ಕೆಗಳ ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿದ್ದೇನೆ, ಬಿಡುವ ಮೀನಿಗೆ ಗಾಯ ಕಡಿಮೆಯಾಗಲಿ. ನಿಮ್ಮ ಟ್ರೌಟ್ ತಣ್ಣೀರಿನ ಮೀನು. ಬೇಸಿಗೆಯ ಮಧ್ಯಾಹ್ನ ನದಿ ಬೆಚ್ಚಗಾದಾಗ ಅದನ್ನು ಹಿಡಿದು ದಣಿಸಬೇಡ, ಬಿಟ್ಟರೂ ಬದುಕುವುದು ಕಷ್ಟ. ಸೊಂಟದ ಮಟ್ಟದ ನೀರಿಗೆ ಒಬ್ಬನೇ ಇಳಿಯಬೇಡ, ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಮಾಧಾನವಿಲ್ಲ.

ಇನ್ನೊಂದು ಮಾತು. ಕರಿಯನದು ಅಂತ ಇವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬೇಡ ಕಂದಾ. ಸೌತ್ ಪ್ಲಾಟ್ ನದಿಗೆ ತೆಗೆದುಕೊಂಡು ಹೋಗು, ನೀರಿಗೆ ಹಾಕು. ಮರಕ್ಕೋ ಕಲ್ಲಿಗೋ ಸಿಕ್ಕಿ ಹೋದರೆ ಹೋಗಲಿ. ಬಾಲದ ಕೂದಲು ಇನ್ನೂ ಒಂದು ಬೆಂಕಿಪೊಟ್ಟಣದ ತುಂಬ ಇದೆ, ಮತ್ತೆ ಕಟ್ಟುತ್ತೇನೆ. ಈಗ ಕಟ್ಟಿರುವುದು 12 ಮತ್ತು 14ರ ಕೊಕ್ಕೆಗೆ. ಅಲ್ಲಿಯ ನೀರಿಗೆ ಇನ್ನೂ ಸಣ್ಣದು ಬೇಕಿದ್ದರೆ ನಂಬರ್ ಬರೆ, ಹಗಲು ಬೆಳಕಿನಲ್ಲೇ ಕೂತು ಕಟ್ಟುತ್ತೇನೆ.

ಇಂತಿ ನಿನ್ನ
ಅಮ್ಮ