ಕಾರಿಗೂ ಒಂದು ಸಿಂಬೆ

ನಮ್ ಕಡೆ ಹೆಂಗಸರಿಗೆ ತೂಕ ಎತ್ತೋದು ಹೊಸದಲ್ಲ. ಬಿಂದಿಗೆ ಹೊತ್ತಿದ್ದೀವಿ, ಹುಲ್ಲಿನ ಹೊರೆ ಹೊತ್ತಿದ್ದೀವಿ, ಟೊಮೇಟೊ ಕ್ರೇಟು ಎತ್ತಿ ಟೆಂಪೋಗೆ ಇಕ್ಕಿದ್ದೀವಿ. ಬಿಂದಿಗೆಗೆ ಮುಂಚೆ ಸಿಂಬೆ ಸುತ್ತಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ರೆ ಸಾವಿರ ಕೇಜಿ ತೂಗೋ ಕಾರನ್ನ ಎತ್ತುವಾಗ ಮಾತ್ರ ಸಿಕ್ಕಿದ ಜಾಗಕ್ಕೆ ಜಾಕು ಕೊಟ್ಟು ತಿರುವಿಬಿಡ್ತೀವಿ.

ಹೋದ ವರ್ಷ ಕುರುಡುಮಲೆ ಗಣಪತಿ ನೋಡ್ಕಂಡು ಬರುವಾಗ ಮುಳಬಾಗಿಲು ಹತ್ರ ಟೈರು ಪಂಚರಾಯ್ತು. ನಮ್ಮೆಜಮಾನ್ರಿಗೆ ಸೊಂಟ ನೋವು, ಬಗ್ಗೋಕಾಗಲ್ಲ. ಪಂಚರ್ ಅಂಗಡಿ ಹುಡುಗ ದೊಡ್ಡ ಜಾಕು ತಂದು, ಹಿಂದಿನ ಬಾಗಿಲ ಕೆಳಗೆ ಒಳಕ್ಕೆ ತಳ್ಳಿ ಒತ್ತಿದ. ಕಟ್ ಅಂತ ಒಂದು ಸದ್ದು. ಚಕ್ರ ಬದಲಾಯ್ತು, ದುಡ್ಡು ಕೊಟ್ವಿ, ಬಂದ್ವಿ. ಆಮೇಲೆ ಮ್ಯಾಟು ಒಗೆಯೋಕೆ ತೆಗೆದ್ರೆ ಕಾಲಿಡೋ ಜಾಗದಲ್ಲಿ ತಗಡು ಇಡ್ಲಿ ಥರ ಉಬ್ಬಿತ್ತು. ಮಳೆಗಾಲ ಕಳೆಯೋಷ್ಟರಲ್ಲಿ ಕೆಳಗೆ ತುಕ್ಕು ಬಂದಿತ್ತು. ಗ್ಯಾರೇಜಿನವ್ರು ಕಾರನ್ನ ಮೇಲೆತ್ತಿ ನನ್ನ ಕರೆದು ತೋರಿಸಿದ್ರು. ಆ ತಗ್ಗಿನಿಂದ ನಾಕು ಬೆರಳು ಆಚೆಗೆ ಬ್ರೇಕಿನ ಪೈಪು. ಎದೆ ಧಸಕ್ ಅಂತು. ಯಾಕಂದ್ರೆ ಅದೇ ಕಾರಲ್ಲಿ ನಮ್ಮ ಮಗಳು ದಿನಾ ನರಸಾಪುರದ ಫ್ಯಾಕ್ಟರಿಗೆ ಒಬ್ಬಳೇ ಹೋಗಿ ಬತ್ತಾಳೆ.

ಅವತ್ತೇ ಆ ಮೇಸ್ತ್ರಿ ಹತ್ರ ಎಲ್ಲಾ ಕೇಳಿ ತಿಳ್ಕಂಡೆ. ಕಾರಿನ ತಳ ಅಂದ್ರೆ ಬಹುಪಾಲು ತೆಳ್ಳನೆ ತಗಡು, ನಮ್ಮ ಬೀರು ತಗಡಿದ್ದಂಗೆ. ಅದು ಕಾರಿನ ತೂಕ ಹೊರೋಕೆ ಅಂತ ಮಾಡಿದ್ದಲ್ಲ. ಹೊರೋ ಜಾಗ ಬೇರೆ ಐತೆ. ಬಾಗಿಲ ಕೆಳಗೆ ಉದ್ದಕ್ಕೂ ಎರಡು ತಗಡು ಸೇರಿಸಿ ಬೆಸೆದಿರೋ ಅಂಚು ಇರ್ತದೆ, ಸೀರೆಗೆ ಫಾಲ್ ಇದ್ದಂಗೆ ಕೆಳಕ್ಕೆ ಇಳಿದಿರ್ತದೆ. ಮುಂದಿನ ಚಕ್ರದ ವಸಿ ಹಿಂದೆ, ಹಿಂದಿನ ಚಕ್ರದ ವಸಿ ಮುಂದೆ ಆ ಅಂಚಲ್ಲಿ ಗುರುತು ಇರ್ತದೆ. ಬಹಳ ಕಾರಲ್ಲಿ ಎರಡು ಸಣ್ಣ ಕಚ್ಚು, ಕೆಲವದ್ರಲ್ಲಿ ಬಾಣದ ಗುರುತು. ಆ ಎರಡು ಕಚ್ಚಿನ ಮಧ್ಯೆ ಒಳಗಡೆ ಬಲವಾದ ತಗಡು ಕೊಟ್ಟಿರ್ತಾರೆ. ಜಾಕು ಅಲ್ಲಿಗೇ. ಒಂದು ಗೇಣು ಆ ಕಡೆ ಈ ಕಡೆ ಆದ್ರೂ ಅಂಚು ಮಡಚ್ಕಂತದೆ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇದರ ಚಿತ್ರ ಇರ್ತದೆ, ನೋಡಿ.

ಕಾರಿನ ಜೊತೆ ಕೊಟ್ಟಿರೋ ಕತ್ತರಿ ಜಾಕಿನ ತಲೆ ಮೇಲೆ ಒಂದು ಕಾಲುವೆ ಇರ್ತದೆ. ಅಂಚು ಆ ಕಾಲುವೆಯೊಳಕ್ಕೆ ಕೂರಬೇಕು. ಗ್ಯಾರೇಜಿನ ಗಾಲಿ ಜಾಕಿನ ತಲೆ ಚಪ್ಪಟೆ. ಅದನ್ನ ಅಂಗೇ ಕೊಟ್ರೆ ತೂಕ ಎಲ್ಲಾ ಅಂಚಿನ ಮೇಲೆ ಬಿದ್ದು ಸೊಟ್ಟಗಾಯ್ತದೆ, ಬಣ್ಣ ಕಿತ್ತು ತುಕ್ಕು ಹಿಡಿತದೆ. ಅದ್ಕೆ ಮಧ್ಯೆ ಗೀರು ಇರೋ ರಬ್ಬರ್ ತುಂಡು ಸಿಗ್ತದೆ. ಅದೇ ಕಣಮ್ಮ ಕಾರಿನ ಸಿಂಬೆ! ನಾನು ಒಂದು ತರಿಸಿ ಡಿಕ್ಕಿಯಲ್ಲಿ ಇಕ್ಕಿದೀನಿ. ಈಗ ಯಾವ ಅಂಗಡಿಯವ್ರು ಬಂದ್ರೂ ಮೊದಲು ಅದನ್ನ ಕೈಗೆ ಕೊಟ್ಟು, ಜಾಗ ತೋರಿಸ್ತೀನಿ. ಇಂಜಿನ್ ಎಣ್ಣೆಯ ಚೇಂಬರ್, ಸೈಲೆನ್ಸರ್ ಪೈಪು, ತಳದ ತಗಡು, ಇವು ಮೂರಕ್ಕೂ ಜಾಕು ತಗಲಬಾರದು. ಕರೆಂಟ್ ಕಾರಾದ್ರೆ ತಳದಲ್ಲೇ ಬ್ಯಾಟರಿ ಇರ್ತದೆ, ಇನ್ನೂ ಹುಷಾರು.

ಇನ್ನು ನೆಲ. ನಮ್ಮ ಜಿಲ್ಲೇಲಿ ನೆಲ ಊರಿಗೊಂದು ಥರ. ಶ್ರೀನಿವಾಸಪುರದ ಮಾವಿನ ತೋಪಲ್ಲಿ ಕಾಯಿ ಸೀಸನ್ನಿಗೆ ಕಾರು ನಿಲ್ಲಿಸಿರ್ತೀವಿ. ಅಲ್ಲಿ ಕೆಂಪು ಮಣ್ಣು, ಮಳೆ ಬಿದ್ರೆ ಜಾಕಿನ ಪಾದ ಹೂತ್ಕಂತದೆ, ಕಾರು ವಾಲ್ತದೆ. ಒಂದು ಮೊಳದ ದಪ್ಪ ಹಲಗೆ ಅಡಿಗಿಕ್ಕಿ ಅದರ ಮೇಲೆ ಜಾಕು ಇಕ್ಕಬೇಕು. ಮಾಲೂರು ಕಡೆ ಕೈ ಚಾಚಿದ್ರೆ ಇಟ್ಟಿಗೆ, ಹೆಂಚು ಸಿಗ್ತವೆ. ಅದ್ಕೇ ಜನ ಇಟ್ಟಿಗೆ ಜೋಡಿಸಿ ಅದರ ಮೇಲೆ ಕಾರು ಕೂರಿಸ್ತಾರೆ. ಇಟ್ಟಿಗೆ ಗೋಡೆಗೆ ಗಟ್ಟಿ, ಆದ್ರೆ ಒಂದೇ ಚುಕ್ಕೆ ಮೇಲೆ ತೂಕ ಬಿದ್ರೆ ಹೇಳ್ದೇ ಕೇಳ್ದೇ ಸೀಳಿ ಹೋಯ್ತದೆ. ಟೊಳ್ಳು ಸಿಮೆಂಟ್ ಇಟ್ಟಿಗೆ ಇನ್ನೂ ಅಪಾಯ. ಮುಳಬಾಗಿಲು, ಕೋಲಾರದ ಮೇಲೆ ಹೋಗೋ 75ನೇ ಹೆದ್ದಾರಿಯಲ್ಲಾದ್ರೆ ರಸ್ತೆ ಅಂಚು ಇಳಿಜಾರು, ಪಕ್ಕದಲ್ಲೇ ಲಾರಿ ಗಾಳಿ. ಅಲ್ಲಿ ವಸಿ ದೂರ ನಿಧಾನಕ್ಕೆ ಓಡಿಸಿ ಬಂಕಿಗೋ ಸಮತಟ್ಟು ಜಾಗಕ್ಕೋ ಹೋಗೋದು ವಾಸಿ. ಟೈರು ಹಾಳಾದ್ರೂ ಪ್ರಾಣ ಉಳಿತದೆ. ರಾತ್ರಿ ಒಬ್ಬಳೇ ಇದ್ರೆ ಜಾಕಿಗೆ ಕೈ ಹಾಕಬೇಡ, ಹೆದ್ದಾರಿಯವರ 1033ಕ್ಕೆ ಫೋನ್ ಮಾಡು ಅಂತ ಮಗಳಿಗೆ ಹೇಳಿದ್ದೀನಿ.

ಕೆಲಸದ ಕ್ರಮವೂ ಅಡುಗೆ ಇದ್ದಂಗೆ, ಹಿಂದು ಮುಂದಾಗಬಾರದು. ಮೊದಲು ಒಳಗಿರೋರನ್ನೆಲ್ಲಾ ಇಳಿಸಿ. ಹ್ಯಾಂಡ್ ಬ್ರೇಕ್ ಎಳೆದು, ಗೇರಲ್ಲಿ ಬಿಟ್ಟು, ನಾಕೂ ಇಂಡಿಕೇಟರ್ ಹಾಕಿ. ಎತ್ತೋ ಚಕ್ರಕ್ಕೆ ಮೂಲೆಯಿಂದ ಮೂಲೆಗೆ ಎದುರಿರೋ ಚಕ್ರಕ್ಕೆ ಹಿಂದೂ ಮುಂದೂ ಕಲ್ಲು ಕೊಡಿ. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನ ಅರ್ಧ ಸುತ್ತು ಸಡಿಲ ಮಾಡಿ. ಮೇಲೆತ್ತಿದ ಮೇಲೆ ಎಳೆದಾಡಿದ್ರೆ ಕಾರು ಜಾಕಿಂದ ಜಾರ್ತದೆ. ಚಕ್ರ ನೆಲ ಬಿಟ್ಟು ಎರಡು ಮೂರು ಬೆರಳು ಎದ್ರೆ ಸಾಕು. ಸ್ಟೆಪ್ನಿಯನ್ನ ಕಾರಿನಡಿ ಅಡ್ಡ ಮಲಗಿಸಿ, ಪಂಚರ್ ಚಕ್ರ ಬಿಚ್ಚಿದ ಮೇಲೆ ಅದನ್ನಲ್ಲಿ ಮಲಗಿಸಿ ಸ್ಟೆಪ್ನಿ ಈಚೆಗೆ ತಗಳಿ. ಜಾಕು ಜಾರಿದ್ರೂ ಕಾರು ಪೂರ್ತಿ ನೆಲಕ್ಕೆ ಬೀಳಲ್ಲ. ಅಂದಂಗೆ, ಈ ಸ್ಟೆಪ್ನಿ ಅನ್ನೋ ಹೆಸರು ದೂರದ ವೇಲ್ಸ್ ದೇಶದ ಸ್ಟೆಪ್ನಿ ಬೀದಿಯಿಂದ ಬಂದಿದ್ದಂತೆ. 1904ರಲ್ಲಿ ಅಲ್ಲಿಯ ಅಣ್ಣತಮ್ಮಂದಿರು ಎಕ್ಸ್‌ಟ್ರಾ ಚಕ್ರ ಮಾಡಿ ಮಾರೋಕೆ ಶುರು ಮಾಡಿದ್ರು. ಬೀದಿ ಹೆಸರು ನಮ್ಮ ಕೋಲಾರದ ಪಂಚರ್ ಅಂಗಡಿವರೆಗೂ ಬಂತು ನೋಡಿ!

ನಟ್ಟು ಬಿಗಿಯುವಾಗ ಒಂದರ ಪಕ್ಕ ಒಂದಲ್ಲ, ಎದುರುಬದುರು ಬಿಗಿಬೇಕು. ಕೆಳಗಿಳಿಸಿದ ಮೇಲೆ ಪೂರ್ತಿ ಬಿಗಿ. ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಂದ್ ಸಲ ನೋಡಿ.

ಒಂದು ಮಾತು ಮಾತ್ರ ಕಲ್ಲಲ್ಲಿ ಬರೆದಂಗೆ: ಜಾಕು ಚಕ್ರ ಬದಲಾಯಿಸೋಕೆ, ಕೆಳಗೆ ಮಲಗೋಕಲ್ಲ. ನಟ್ಟು ಉರುಳಿ ಕೆಳಗೆ ಹೋದ್ರೆ ಕೋಲಿಂದ ಎಳ್ಕಳಿ, ತಲೆ ತೂರಿಸಬೇಡಿ. ಕೆಳಗೆ ಕೆಲಸ ಇದ್ರೆ ಗ್ಯಾರೇಜಿನವ್ರು ಕಬ್ಬಿಣದ ಸ್ಟ್ಯಾಂಡು ಕೊಟ್ಟೇ ಮಾಡ್ತಾರೆ.

ನಮ್ಮ ಕಾರಿನ ತಗ್ಗು ತಟ್ಟಿಸಿ, ತುಕ್ಕು ಕೆರೆಸಿ, ತಳಕ್ಕೆ ಕಪ್ಪು ಕೋಟಿಂಗ್ ಹೊಡೆಸಿದ್ದೀವಿ. ನೀವೂ ಈ ಭಾನುವಾರ ಮನೆ ಮುಂದೆ ಕಾರು ತೊಳೆಯುವಾಗ ವಸಿ ಬಗ್ಗಿ ಆ ಅಂಚು ಸವರಿ ನೋಡಿ, ನಾಕು ಕಚ್ಚೂ ಎಲ್ಲವೆ ಅಂತ. ಸಿಕ್ಕಿದ ಕಡೆ ಒಂದು ಚೂರು ಬಿಳಿ ಪೇಂಟು ಹಚ್ಚಿ. ಕತ್ತಲಲ್ಲಿ ಪಂಚರಾದ್ರೂ ಟಾರ್ಚಿಗೆ ಪಳಕ್ ಅಂತ ಕಾಣ್ತದೆ.