ಲಿಂಗಸುಗೂರಿನಿಂದ ಸಿಂಧನೂರಿಗೆ

ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ಹಾದಿಯ ಮೂರು ಊರುಗಳು. ಹಾದಿಯ ಅಂತರ ಹೆಚ್ಚಿಲ್ಲ. ತಟ್ಟೆಯ ಅಂತರ ಬಹಳ.

ಲಿಂಗಸುಗೂರಿನ ಸೀಮೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗಳದೇ ಆಳ್ವಿಕೆ. ರೊಟ್ಟಿ ತಟ್ಟುವ ಸದ್ದಿನಿಂದಲೇ ಅಲ್ಲಿ ಬೆಳಗು. ಸಮೀಪದ ಮುದಗಲ್ಲಿನಲ್ಲಿ ಮೊಹರಂ ಬಂದಿತೆಂದರೆ ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಜನ ನೆರೆಯುತ್ತಾರೆ. ದೂರದ ಕರ್ಬಲದ ಶೋಕವನ್ನು ಈ ಸೀಮೆಯ ಹಾಡುಗಾರರು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ.

ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ದೊರೆತ ಶಾಸನವು 'ದೇವಾನಾಂಪ್ರಿಯ'ನೆಂಬ ಅರಸನು ಅಶೋಕನೇ ಎಂಬುದನ್ನು ಖಚಿತಪಡಿಸಿತು. ಧರ್ಮದಿಂದ ನಡೆದರೆ ದೊಡ್ಡವನಂತೆ ಸಣ್ಣವನೂ ಮೇಲೇರಬಲ್ಲನೆಂಬುದು ಅದರ ಸಾರ.

ಮುಂದೆ ಸಿಂಧನೂರಿನ ಹಸುರು. ತುಂಗಭದ್ರೆಯ ಎಡದಂಡೆ ಕಾಲುವೆ ಹರಿದ ಮೇಲೆ ಜೋಳದ ನೆಲದಲ್ಲಿ ಬತ್ತ ತೂಗಿತು. ಹಬ್ಬದ ಅನ್ನ ನಿತ್ಯದ ಊಟವಾಯಿತು. ಪೂರ್ವ ಬಂಗಾಳದಲ್ಲಿ ಮನೆಮಾರು ಕಳೆದುಕೊಂಡು ಬಂದವರೂ ಇಲ್ಲಿಯ ಕ್ಯಾಂಪುಗಳಲ್ಲಿ ನೆಲೆಸಿದರು. ಅವರ ಒಲೆಯ ಮೇಲೆ ಅನ್ನದೊಡನೆ ಮೀನಿನ ಸಾರು. ನವರಾತ್ರಿಯಲ್ಲಿ ದುರ್ಗಾಪೂಜೆ, ಬಂಗಾಳಿ ಹಾಡು.

ಆದರೆ ಕಾಲುವೆಯ ಕೊನೆಯಂಚಿನ ರೈತ ಇಂದಿಗೂ ನೀರಿನ ಸರದಿಗೆ ಕಾಯುತ್ತಾನೆ. ಸಣ್ಣವನ ಪಾಲನ್ನು ನೆನಪಿಸುವ ಮಸ್ಕಿಯ ಬಂಡೆ ಅಲ್ಲಿಂದ ದೂರವೇನಿಲ್ಲ.